ಅಪ್ಪನ ಕಲ್ಲಿನಲ್ಲಿ ಚಿಪ್ಪಿರಲಿಲ್ಲ

ನಮ್ಮ ಬಾಗಲಕೋಟೆ ಕಡೆಯ ಕಲ್ಲನ್ನು ಎಷ್ಟೇ ಒಡೆದರೂ ಅದರೊಳಗೆ ಒಂದು ಕಪ್ಪೆಚಿಪ್ಪು ಸಿಗುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದುವ ಎಷ್ಟೋ ಮೊದಲೇ ಅಪ್ಪನ ಬಾಯಿಂದ ಕೇಳಿದ್ದೆ. ಅಪ್ಪ ಸಿಮೆಂಟ್ ಕಾರ್ಖಾನೆಯೊಂದರ ಸುಣ್ಣದ ಕಲ್ಲಿನ ಗಣಿಯಲ್ಲಿ 31 ವರ್ಷ ದುಡಿದವರು. ಸೇರಿದ್ದು ಕಲ್ಲಿನ ಸ್ಯಾಂಪಲ್ ಆರಿಸುವ ಕೆಲಸಕ್ಕೆ, ನಿವೃತ್ತರಾದದ್ದು ಫೋರ್‌ಮನ್ ಆಗಿ. ಚಿಕ್ಕಂದಿನಲ್ಲಿ ಘಟಪ್ರಭಾ ಹೊಳೆಯ ದಂಡೆಯಿಂದ ಚಿಪ್ಪು ಆರಿಸಿ ತಂದು, ‘ನಿಮ್ಮ ಗಣಿಯಾಗ ಇಂಥಾವು ಸಿಗತಾವೇನಪಾ?’ ಎಂದು ಕೇಳಿದರೆ ಅವರದು ಒಂದೇ ಉತ್ತರ: ‘ಕಲ್ಲಿನ್ಯಾಗ ಗೆರಿ ಅದಾವ, ಸುಳಿ ಅದಾವ. ಜೀವ ಇದ್ದದ್ದು ಏನೂ ಇಲ್ಲವ್ವ.’

ಚಿಪ್ಪು ಯಾಕಿಲ್ಲ ಎನ್ನುವುದಕ್ಕೆ ಕಾರಣ ಸರಳ. ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲು, ಬಾಗಲಕೋಟೆ ಸುತ್ತಲಿನ ಸುಣ್ಣದ ಕಲ್ಲು, ಇವೆಲ್ಲ ಸೇರಿದ ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಇದರಲ್ಲಿ ಸುಣ್ಣದ ಕಲ್ಲು 100 ಕೋಟಿ ವರ್ಷಗಳಿಗೂ ಹಳೆಯದೆಂದು ಅವರ ಅಂದಾಜು. ಮೈಮೇಲೆ ಗಟ್ಟಿ ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅಂದರೆ ನಮ್ಮ ಕಲ್ಲು ಕಟ್ಟುವಾಗ ಸಮುದ್ರವಿತ್ತು, ಅಲೆಯಿತ್ತು, ಮರಳಿತ್ತು. ಚಿಪ್ಪಿನ ಪ್ರಾಣಿ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ನಾನು ಎಂ.ಟೆಕ್ ಮುಗಿಸಿ 2011ರಲ್ಲಿ ಚೆನ್ನೈಗೆ ಬಂದೆ. ಸೋಳಿಂಗನಲ್ಲೂರಿನಲ್ಲಿ ಆಫೀಸು, ಅಲ್ಲೇ ಹತ್ತಿರದಲ್ಲಿ ಎಂಟನೇ ಮಹಡಿಯ ಮನೆ. ಇಲ್ಲಿಂದ ಸುಮಾರು 270 ಕಿ.ಮೀ. ದೂರದಲ್ಲಿ ಚಿಪ್ಪು ತುಂಬಿದ ಕಲ್ಲಿನ ಸೀಮೆಯೊಂದಿದೆ ಎಂಬುದು ನನಗೆ ತಿಳಿಯಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಹೇಳಿದವರು ನಮ್ಮ ಟೀಮಿನ ಟೆಸ್ಟರ್ ಒಬ್ಬರು, ಪೆರಂಬಲೂರು ಜಿಲ್ಲೆಯವರು. ಒಮ್ಮೆ ಊಟದ ಹೊತ್ತಿನಲ್ಲಿ, ‘ನಮ್ಮೂರಲ್ಲಿ ಬಾವಿ ತೋಡಿದರೆ ನೀರಿಗಿಂತ ಮೊದಲು ಸಿಪ್ಪಿ ಬರುತ್ತೆ’ ಎಂದರು. ಸಿಪ್ಪಿ ಎಂದರೆ ನಮ್ಮ ಚಿಪ್ಪೇ. ಸಮುದ್ರ ಅವರ ಊರಿಂದ ಎಷ್ಟು ದೂರ ಎಂದು ಕೇಳಿದೆ. ‘ಬಸ್ಸಿನಲ್ಲಿ ಅರ್ಧ ದಿನ’ ಎಂದು ನಕ್ಕರು.

ತಿರುಚ್ಚಿಯ ಉತ್ತರಕ್ಕೆ, ಪೆರಂಬಲೂರು ಮತ್ತು ಅರಿಯಲೂರು ಜಿಲ್ಲೆಗಳಲ್ಲಿ ಹರಡಿರುವ ಈ ಕಲ್ಲುಗಳು ಕ್ರಿಟೇಷಿಯಸ್ ಯುಗದವು, ಡೈನೋಸಾರ್‌ಗಳ ಕೊನೆಯ ಕಾಲದವು. ಭಾರತ ಆಗ ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳಿಂದ ಕಳಚಿಕೊಂಡು ಒಂದು ದೊಡ್ಡ ದ್ವೀಪದಂತೆ ಉತ್ತರಕ್ಕೆ ಸಾಗುತ್ತಿತ್ತು. ಕಳಚಿಕೊಂಡ ಕಡೆ ನೆಲ ಕುಸಿದು ತಗ್ಗಾಯಿತು, ಆ ತಗ್ಗಿಗೆ ಸಮುದ್ರ ನುಗ್ಗಿತು. ಒಂದೇ ಸಲ ಬಂದು ಹೋದದ್ದಲ್ಲ, ಹಲವು ಸಲ ಮುಂದೆ ಬಂತು, ಹಿಂದೆ ಸರಿಯಿತು. ಬಂದಾಗಲೆಲ್ಲ ಮರಳು, ಜೇಡಿ, ಸುಣ್ಣ ಹಾಸಿ ಹೋಯಿತು. ಕೆಳಗಿನಿಂದ ಮೇಲಕ್ಕೆ ಉತ್ತತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರು ದೊಡ್ಡ ಗುಂಪುಗಳಾಗಿ ಆ ಹಾಸುಗಳನ್ನು ವಿಂಗಡಿಸಿದ್ದಾರೆ. ನಡುವಿನ ತಿರುಚಿರಾಪಳ್ಳಿ ಗುಂಪಿನಲ್ಲಿ ಗರುಡಮಂಗಲಂ ಎಂಬ ಊರಿನ ಹೆಸರು ಹೊತ್ತ ಮರಳುಗಲ್ಲಿದೆ. ವಯಸ್ಸು ಹೆಚ್ಚು ಕಡಿಮೆ 9 ಕೋಟಿ ವರ್ಷ. ಅಪ್ಪನ ಕಲ್ಲಿನ ಮುಂದೆ ಮೊಮ್ಮಗಳ ವಯಸ್ಸು.

ಇಲ್ಲಿಯ ಚಿಪ್ಪುಗಳು ಲೋಕಕ್ಕೆ ಗೊತ್ತಾದದ್ದು ಕಂಪನಿ ಸರ್ಕಾರದ ಕಾಲದಲ್ಲಿ. ಮದ್ರಾಸಿನಲ್ಲಿದ್ದ ಕೇ ಮತ್ತು ಕನ್ಲಿಫ್ ಎಂಬ ಅಧಿಕಾರಿಗಳು ಕೂಡಿಟ್ಟ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ ಇಂಗ್ಲೆಂಡಿನಲ್ಲಿ ಅಭ್ಯಾಸ ಮಾಡಿ 1846ರಲ್ಲಿ ಪ್ರಕಟಿಸಿದ. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಹೆನ್ರಿ ಬ್ಲಾನ್‌ಫರ್ಡ್ ಈ ಸೀಮೆಯನ್ನು ಸುತ್ತಿ ನಕ್ಷೆ ಮಾಡಿ, 1862ರಲ್ಲಿ ವರದಿ ಕೊಟ್ಟ. ಅದೇ ವರ್ಷ ಕಲ್ಕತ್ತೆಯ ಆ ಕಚೇರಿಗೆ ಮೊರಾವಿಯಾದಿಂದ, ಅಂದರೆ ಇಂದಿನ ಚೆಕ್ ದೇಶದಿಂದ, ಫರ್ಡಿನಾಂಡ್ ಸ್ಟೋಲಿಚ್ಕಾ ಎಂಬ 24ರ ಯುವಕ ನೌಕರಿಗೆ ಬಂದ. ದಕ್ಷಿಣದ ಈ ಚಿಪ್ಪುಗಳನ್ನು ಒಂದೊಂದಾಗಿ ವಿವರಿಸಿ, ಹೆಸರಿಟ್ಟು ದೊಡ್ಡ ಸಂಪುಟಗಳನ್ನೇ ಬರೆದ. ಎರಡು ಹೋಳಿನ ಚಿಪ್ಪುಗಳ ಸಂಪುಟ ಮುಗಿದದ್ದು 1871ರಲ್ಲಿ. ಮೂರು ವರ್ಷಗಳ ನಂತರ, ಯಾರ್ಕಂದ್‌ನಿಂದ ಮರಳುವಾಗ ಲಡಾಖಿನ ಎತ್ತರದಲ್ಲಿ ಉಸಿರುಗಟ್ಟಿ ತೀರಿಕೊಂಡ. ಸಮಾಧಿ ಲೇಹ್‌ನಲ್ಲಿದೆ. ಆಗ ಅವನಿಗೆ 36, ನನಗಿಂತ ಎರಡು ವರ್ಷ ಕಡಿಮೆ. ನೌಕರಿಗೆಂದು ಊರು ಬಿಟ್ಟು ಬಂದವರ ಪಟ್ಟಿಯಲ್ಲಿ ಇವನ ಹೆಸರನ್ನೂ ನಾನು ಸೇರಿಸಿಕೊಂಡಿದ್ದೇನೆ.

ಇಷ್ಟೆಲ್ಲ ಓದಿ ಇಟ್ಟುಕೊಂಡಿದ್ದೆ, ಹೋಗಿರಲಿಲ್ಲ. ಹೋಗುವಂತೆ ಮಾಡಿದ್ದು ಅಪ್ಪನ ಮೌನ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅಪ್ಪನಿಗೆ 70. ಒಬ್ಬರೇ ನವನಗರದ ಮನೆಯಲ್ಲಿರುವುದು ಬೇಡವೆಂದು ನಾನೂ ತಮ್ಮನೂ ಸೇರಿ ಚೆನ್ನೈಗೆ ಕರೆತಂದೆವು. ತಮ್ಮ ಪುಣೆಯಲ್ಲಿ. ನವನಗರದ ಮನೆ ಮಾರಿ ಆ ಹಣವನ್ನು ಅಪ್ಪನ ಹೆಸರಿನಲ್ಲೇ ಠೇವಣಿ ಇಡೋಣ, ಆಸ್ಪತ್ರೆ ಖರ್ಚಿಗೆ ಆದೀತು ಎಂಬುದು ನಮ್ಮಿಬ್ಬರ ಲೆಕ್ಕ. ಮುಖತ್ಯಾರ ಪತ್ರದ ಕಾಗದ ಟಿ.ವಿ. ಪಕ್ಕದಲ್ಲಿ ನಾಲ್ಕು ತಿಂಗಳು ಬಿದ್ದಿತ್ತು. ಅಪ್ಪ ಸಹಿ ಮಾಡಲೂ ಇಲ್ಲ, ಮಾಡುವುದಿಲ್ಲ ಎನ್ನಲೂ ಇಲ್ಲ. ಬೆಳಿಗ್ಗೆ ಕೆಳಗಿಳಿದು ಅಪಾರ್ಟ್‌ಮೆಂಟಿಗೆ ಹತ್ತು ಸುತ್ತು ಹಾಕುತ್ತಿದ್ದರು, ಬಂದು ಬಾಲ್ಕನಿಯಲ್ಲಿ ಕೂರುತ್ತಿದ್ದರು. ಮಾತಿಗೆ ಜನವಿಲ್ಲ. ವಾಚ್‌ಮನ್ ತಮಿಳ, ಪಕ್ಕದ ಮನೆಯವರು ಒಡಿಯಾದವರು.

ನವನಗರದ ಮನೆಯೂ ನಮ್ಮ ಮೊದಲ ಮನೆಯಲ್ಲ. ನಾನು ಹುಟ್ಟಿ ಬೆಳೆದದ್ದು ಹಳೆ ಬಾಗಲಕೋಟೆಯಲ್ಲಿ, ಹೊಳೆದಂಡೆ ಕಡೆಯ ಓಣಿಯಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಆಲಮಟ್ಟಿಯ ಹಿನ್ನೀರಿಗೆ ಆ ಓಣಿ ಹೋಯಿತು. ‘ಮುಳುಗಡೆ’ ಎಂಬ ಪದವನ್ನು ಬೇರೆ ಊರಿನವರು ಪತ್ರಿಕೆಯಲ್ಲಿ ಓದುತ್ತಾರೆ. ನಮ್ಮೂರಲ್ಲಿ ಅದು ವಿಳಾಸದ ಭಾಗ: ‘ನಿಮ್ಮದು ಮುಳುಗಡೆ ಮನಿಯೇನು?’ ಬೇಸಿಗೆಯಲ್ಲಿ ನೀರು ಇಳಿದಾಗ ತಳಪಾಯದ ಕಲ್ಲುಗಳು ಸಾಲಾಗಿ ಎದ್ದು ಕಾಣುತ್ತವೆ. ಅಪ್ಪ ಪ್ರತಿ ಬೇಸಿಗೆ ಒಂದು ಸಲ ಹೋಗಿ ನೋಡಿ ಬರುತ್ತಿದ್ದರು. ಚೆನ್ನೈಗೆ ಬಂದ ವರ್ಷ ಅದು ತಪ್ಪಿತು.

ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಬೆಳಿಗ್ಗೆ ಐದಕ್ಕೆ ನಾನು, ಅಪ್ಪ, ಮೂರನೇ ತರಗತಿಯ ಮಗಳು ಕಾರಿನಲ್ಲಿ ಹೊರಟೆವು. ವಿಳುಪ್ಪುರಂ, ಉಳುಂದೂರುಪೇಟೆ ದಾಟಿ ಪೆರಂಬಲೂರು, ಅಲ್ಲಿಂದ ಪಾಡಲೂರು. ಅಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಬೇಕು. ನಮ್ಮ ಟೆಸ್ಟರ್ ಮಿತ್ರರು ಅಲ್ಲೇ ಕಾಯುತ್ತಿದ್ದರು. ಹತ್ತಿ, ಮೆಕ್ಕೆಜೋಳದ ಹೊಲಗಳ ನಡುವೆ ಸಣ್ಣ ರಸ್ತೆ. ಹೊಲ ನೋಡಿ ಅಪ್ಪ ಮೊದಲ ಮಾತಾಡಿದರು: ‘ಎರಿ ಮಣ್ಣು! ನಮ್ಮ ಕಡಿದs ಇದ್ದಂಗ ಐತಿ.’

ಗರುಡಮಂಗಲಂ ಹತ್ತಿರದ ಒಂದು ಹಳ್ಳದ ಬಳಿ ಇಳಿದೆವು. ನೀರು ಕೊರೆದ ದಂಡೆಯಲ್ಲಿ ಹಳದಿ ಮಿಶ್ರಿತ ಕಂದು ಮರಳುಗಲ್ಲಿನ ಪದರಗಳು. ಹತ್ತಿರ ಹೋಗಿ ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಮಗಳು ಕೂಗಿದಳು. ಆಮೇಲೆ ಎಲ್ಲಿ ನೋಡಿದರೂ ಚಿಪ್ಪೇ. ಬೆರಳ ಉಗುರಿನಷ್ಟು, ಅಂಗೈಯಷ್ಟು. ಕೆಲವು ಮೈಮೇಲೆ ಗೆರೆಗೆರೆ ಏಣುಗಳಿದ್ದವು, ಕೆಲವು ನುಣುಪು. ಕೆಲವೆಡೆ ಚಿಪ್ಪು ಕರಗಿ ಹೋಗಿ ಅದರ ಒಳಗೆ ತುಂಬಿದ್ದ ಮರಳು ಮಾತ್ರ ಚಿಪ್ಪಿನ ಆಕಾರದಲ್ಲೇ ಗಟ್ಟಿಯಾಗಿ ಉಳಿದಿತ್ತು, ಕಡುಬಿನ ಹಿಟ್ಟು ಹೋಗಿ ಹೂರಣ ಉಳಿದ ಹಾಗೆ. ಮರಳುಗಲ್ಲಿನೊಳಗೆ ನೀರು ಸಲೀಸಾಗಿ ಇಳಿಯುತ್ತದೆ, ಸುಣ್ಣವನ್ನು ನಿಧಾನವಾಗಿ ಕರಗಿಸುತ್ತದೆ. ಸಿಂಪಿಯ ಜಾತಿಯವುಗಳ ಸುಣ್ಣ ಬೇರೆ ಬಗೆಯದು, ಅದು ಅಷ್ಟು ಸುಲಭವಾಗಿ ಕರಗುವುದಿಲ್ಲ.

ಅಪ್ಪ ಸುಮ್ಮನೆ ನಿಂತಿದ್ದರು. ಆಮೇಲೆ ಕೈಯಲ್ಲಿದ್ದ ಕೋಲನ್ನು ಬದಿಗಿಟ್ಟು, ಮೊಣಕಾಲೂರಿ ಕೂತು, ಪದರವನ್ನು ಹೆಬ್ಬೆರಳಿನಿಂದ ಉಜ್ಜಿ, ಉದುರಿದ ಹರಳನ್ನು ಬೆಳಕಿಗೆ ಹಿಡಿದು ನೋಡಿದರು. 31 ವರ್ಷ ಮಾಡಿದ ಕೆಲಸ ಕೈಗೆ ತಾನಾಗಿ ಬಂತು. ‘ಸಿಲಿಕಾ ಭಾಳ ಐತಿ. ಇದು ಭಟ್ಟಿಗೆ ಬರಂಗಿಲ್ಲ’ ಎಂದರು. ಮಾತು ನನಗೆ ಅರ್ಥವಾದದ್ದು ಮಧ್ಯಾಹ್ನ, ಅದಕ್ಕೆ ಆಮೇಲೆ ಬರುತ್ತೇನೆ.

ಅಷ್ಟರಲ್ಲಿ ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು, ನಾವೇನು ಹುಡುಕುತ್ತಿದ್ದೇವೆ ಎಂದು ವಿಚಾರಿಸಿದರು. ಮಿತ್ರರು ಬಾಯಿ ತೆರೆಯುವ ಮೊದಲೇ ಅಪ್ಪ ದಂಡೆ ತೋರಿಸಿ, ‘ಚಿಪ್ಪು’ ಎಂದರು. ಅಜ್ಜಿ ‘ಸಿಪ್ಪಿಯಾ?’ ಎಂದು ಕೇಳಿ, ತಮ್ಮ ಹೊಲದ ಬದುವಿನ ಕಡೆ ಕೈ ಮಾಡಿ ಏನೇನೋ ಹೇಳಿದರು. ಅಪ್ಪ ಕನ್ನಡದಲ್ಲಿ ಕೇಳಿದರು, ಅವರು ತಮಿಳಿನಲ್ಲಿ ಹೇಳಿದರು. ಕಲ್ಲು ಎಂದರೆ ಕಲ್ಲೇ, ಮಣ್ಣು ಎಂದರೆ ಮಣ್ಣೇ, ಆಡು ಎಂದರೂ ಆಡೇ. ಹತ್ತು ನಿಮಿಷ ಇಬ್ಬರಿಗೂ ದುಭಾಷಿ ಬೇಕಾಗಲಿಲ್ಲ. ನಾಲ್ಕು ತಿಂಗಳಲ್ಲಿ ಅಪ್ಪ ಹೊರಗಿನವರೊಂದಿಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಚಿಪ್ಪನ್ನು ನೋಡುವುದು ಬೇರೆ, ಓದುವುದು ಬೇರೆ. ನಾನು ಕಲಿತಷ್ಟನ್ನು ಮಗಳಿಗೆ ಹೇಳಿಕೊಟ್ಟೆ, ನಿಮಗೂ ಹೇಳುತ್ತೇನೆ. ಇವನ್ನು ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ದ್ವಿಕವಾಟಿಗಳು ಎನ್ನುತ್ತಾರೆ, ಎರಡು ಕದದ ಪ್ರಾಣಿಗಳು. ಎರಡು ಕದ ಕೂಡುವಲ್ಲಿ ಹಲ್ಲುಗಳಿರುವ ಕೀಲು, ಅದರ ಬಳಿ ರಬ್ಬರಿನಂಥ ಒಂದು ಪಟ್ಟಿ. ಪಟ್ಟಿ ಯಾವಾಗಲೂ ಕದ ತೆರೆಯಲು ನೂಕುತ್ತಿರುತ್ತದೆ, ಒಳಗಿನ ಸ್ನಾಯುಗಳು ಎಳೆದು ಮುಚ್ಚಿ ಹಿಡಿದಿರುತ್ತವೆ. ಪ್ರಾಣಿ ಸತ್ತ ಕೂಡಲೇ ಸ್ನಾಯು ಸಡಿಲವಾಗಿ ಕದ ತೆರೆದುಕೊಳ್ಳುತ್ತದೆ. ಪಟ್ಟಿ ಕೊಳೆತ ಮೇಲೆ ಎರಡು ಹೋಳು ಬೇರೆಬೇರೆಯಾಗುತ್ತವೆ, ಅಲೆ ಬಂದು ಒಂದನ್ನು ಇತ್ತ, ಒಂದನ್ನು ಅತ್ತ ಎಳೆದೊಯ್ಯುತ್ತದೆ.

ಆದ್ದರಿಂದ ಕಲ್ಲಿನಲ್ಲಿ ಎರಡು ಹೋಳೂ ಕೂಡಿಕೊಂಡೇ ಸಿಕ್ಕರೆ, ಆ ಪ್ರಾಣಿ ದೂರ ಅಲೆದಿಲ್ಲ ಎಂದು ತಿಳಿಯಬಹುದು. ಬದುಕಿದ್ದ ಜಾಗದಲ್ಲೇ, ಅಥವಾ ಅದರ ಹತ್ತಿರದಲ್ಲೇ, ಬೇಗ ಮರಳಿನಲ್ಲಿ ಹೂತು ಹೋಗಿದೆ. ಒಂಟಿ ಹೋಳುಗಳು ಒಂದೇ ಪದರದಲ್ಲಿ ರಾಶಿಯಾಗಿ, ಬಟ್ಟಲು ಬೋರಲು ಹಾಕಿದಂತೆ ಬೆನ್ನು ಮೇಲಾಗಿ ಬಿದ್ದಿದ್ದರೆ, ನೀರಿನ ಸೆಳೆತ ಅವನ್ನು ತಂದು ಹಾಸಿದೆ. ಬೆನ್ನು ಮೇಲಾದ ಹೋಳನ್ನು ಹರಿವು ಸುಲಭವಾಗಿ ಮಗುಚಲಾರದು, ಅದಕ್ಕೇ ಅವು ಹಾಗೆ ನಿಲ್ಲುತ್ತವೆ. ಪಳೆಯುಳಿಕೆ ತಜ್ಞರು ಚಿಪ್ಪಿನ ಹೆಸರು ಕೇಳುವ ಜೊತೆಗೇ ಕೇಳುವ ಪ್ರಶ್ನೆ ಇದು: ಇದು ಇಲ್ಲೇ ಬಾಳಿದ್ದೋ, ಬೇರೆಡೆಯಿಂದ ಬಂದದ್ದೋ?

ಆ ಹಳ್ಳದ ದಂಡೆಯಲ್ಲಿ ಎರಡೂ ಇದ್ದವು. ಕೆಳಗಿನ ಪದರದಲ್ಲಿ ಬಾಯಿ ಮುಚ್ಚಿದ ಜೋಡಿಗಳು, ಒಂದು ಗೇಣು ಮೇಲೆ ಒಂಟಿ ಹೋಳುಗಳ ರಾಶಿ. ಮಗಳು ‘ಇವು ಲೋಕಲ್, ಇವು ಹೊರಗಿಂದ ಬಂದವು’ ಎಂದು ಎಣಿಸತೊಡಗಿದಳು. ಚೆನ್ನೈನಲ್ಲೇ ಹುಟ್ಟಿದವಳು, ಶಾಲೆಯಲ್ಲಿ ಅವಳನ್ನು ಕರ್ನಾಟಕದವಳು ಎನ್ನುತ್ತಾರೆ, ಬಾಗಲಕೋಟೆಗೆ ಹೋದರೆ ಮದ್ರಾಸಿನವಳು ಎನ್ನುತ್ತಾರೆ. ಎಣಿಸಿ ಮುಗಿಸಿ, ‘ಅಮ್ಮಾ, ಇವೆರಡನ್ನೂ ಅಂಟಿಸಿರೋ ಮಣ್ಣು ಒಂದೇ ಅಲ್ವಾ?’ ಎಂದಳು. ಹೌದು, ಒಂದೇ. ಪಶ್ಚಿಮದ ಹಳೆಯ ಬಂಡೆಗಳು ಸವೆದು ನದಿಗಳು ಹೊತ್ತು ತಂದ ಮರಳು. ಚಿಪ್ಪುಗಳಿಗಿಂತ ಆ ಮರಳೇ ಹೆಚ್ಚು ದೂರ ಬಂದದ್ದು.

ಅಪ್ಪ ದಂಡೆಯ ಮೇಲೆ ಕೂತು ಸುತ್ತಲಿನ ಹೊಲಗಳನ್ನೆಲ್ಲ ನೋಡಿ ಕೇಳಿದರು: ‘ಇಲ್ಲಿ ನೀರು ಎಷ್ಟು ಮೀಟರಿಗೆ ನಿಂತಿತ್ತವ್ವ?’

ಬಾಗಲಕೋಟೆಯವರನ್ನು ಬಿಟ್ಟು ಬೇರೆ ಯಾರೂ ಸಮುದ್ರದ ಬಗ್ಗೆ ಆ ಪ್ರಶ್ನೆ ಕೇಳಲಾರರು. 519.60 ಮೀಟರ್ ಎಂಬ ಅಂಕಿ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಆಲಮಟ್ಟಿಯ ನೀರು ನಿಲ್ಲುವ ಮಟ್ಟ ಅದು. ಅದನ್ನು 524.256ಕ್ಕೆ ಏರಿಸುವ ಮಾತು ನಡೆದೇ ಇದೆ. ಆ ಕಾಲದಲ್ಲಿ ಧ್ರುವಗಳಲ್ಲಿ ಇಂದಿನಂತೆ ದೊಡ್ಡ ಹಿಮರಾಶಿ ಇರಲಿಲ್ಲ, ಹಾಗಾಗಿ ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರಿಗೂ ಮೀರಿ ಮೇಲಿತ್ತೆಂದು ಹಲವರ ಅಂದಾಜು ಎಂದು ಹೇಳಿದೆ. ಅಪ್ಪ ತಲೆದೂಗಿದರು. ‘ನೂರು ಮೀಟರ್! ಪರಿಹಾರ ಯಾರಿಗೆ ಕೊಟ್ಟರಂತ?’ ಎಂದು ಕೇಳಿ ತಾವೇ ಜೋರಾಗಿ ನಕ್ಕರು. ಅವ್ವ ಹೋದ ಮೇಲೆ ಆ ನಗು ಕೇಳಿದ್ದು ಅದೇ ಮೊದಲು.

ಮಗಳು ಒಂದು ಚಿಪ್ಪನ್ನು ಮನೆಗೆ ಒಯ್ಯಬೇಕೆಂದು ಹಟ ಹಿಡಿದಳು. ನಾನು ಉಪದೇಶಕ್ಕೆ ಶುರು ಮಾಡುವ ಮೊದಲೇ ಅಪ್ಪ ಅವಳನ್ನು ಹತ್ತಿರ ಕರೆದು ಗಣಿಯ ಸುದ್ದಿ ಹೇಳಿದರು. ಗಣಿಯಲ್ಲಿ ಕಲ್ಲನ್ನು ಮೆಟ್ಟಿಲುಗಳಂತೆ ಕಡಿಯುತ್ತಾರೆ, ಒಂದೊಂದು ಮೆಟ್ಟಿಲಿಗೂ ಬೆಂಚ್ ಎನ್ನುತ್ತಾರೆ. ಆರಿಸಿದ ಪ್ರತಿ ಸ್ಯಾಂಪಲ್ಲಿನ ಚೀಲದ ಮೇಲೆ ಬೆಂಚಿನ ನಂಬರ್, ಜಾಗದ ಗುರುತು ಬರೆಯಬೇಕು. ‘ನಂಬರ್ ಇಲ್ಲದ ಚೀಲ ಲ್ಯಾಬಿನವರು ಮುಟ್ಟತಿರಲಿಲ್ಲ ನೋಡವ್ವ. ಎಷ್ಟು ಚಂದ ಕಲ್ಲಿದ್ದರೂ ಅತ್ತಾಗ ಒಗಿತಿದ್ರು. ಎಲ್ಲಿಂದ ತಂದದ್ದು ಅಂತ ಗೊತ್ತಿಲ್ಲಂದ್ರ ಆ ಕಲ್ಲು ಏನೂ ಹೇಳಂಗಿಲ್ಲ.’ ಮಗಳು ಯೋಚಿಸಿ, ಚಿಪ್ಪಿನ ಪಕ್ಕ ಹತ್ತು ರೂಪಾಯಿಯ ನಾಣ್ಯ ಇಟ್ಟು ಫೋಟೋ ತೆಗೆದಳು, ಅಳತೆ ಗೊತ್ತಾಗಲೆಂದು. ಆಮೇಲೆ ಪದರದ ಚಿತ್ರ ಬರೆದುಕೊಂಡಳು. ಚಿಪ್ಪು ಅಲ್ಲೇ ಉಳಿಯಿತು.

ಮಧ್ಯಾಹ್ನ ಅರಿಯಲೂರಿನ ಕಡೆ ಹೊರಟಾಗ ರಸ್ತೆಯುದ್ದಕ್ಕೂ ಬಿಳಿ ಧೂಳು, ಸುಣ್ಣದ ಕಲ್ಲು ತುಂಬಿದ ಟಿಪ್ಪರ್‌ಗಳು. ಕಲ್ಲಂಕುರಿಚ್ಚಿಯ ಸುಣ್ಣದ ಕಲ್ಲು ಸುಮಾರು 7 ಕೋಟಿ ವರ್ಷ ಹಳೆಯದು. ಅದರಲ್ಲಿ ಗ್ರಿಫಿಯಾ ಎಂಬ ಡೊಂಕು ಸಿಂಪಿಗಳು ರಾಶಿ ರಾಶಿ. ಇಂಗ್ಲೆಂಡಿನ ಹಳ್ಳಿಗರು ಅದರ ನೆಂಟರನ್ನು ಸೈತಾನನ ಕಾಲುಗುರು ಎಂದು ಕರೆಯುತ್ತಿದ್ದರು. ಇನೋಸೆರಮಸ್ ಎಂಬ ದೊಡ್ಡ ಚಿಪ್ಪಿನ ಚೂರುಗಳೂ ಸಿಗುತ್ತವೆ. ಲೋಕದ ಬೇರೆ ಕಡೆ ಈ ಕುಲದವು ಒಂದು ಮೀಟರಿಗೂ ಮೀರಿ ಬೆಳೆದಿವೆ, ಈಗ ಕುಲವೇ ಇಲ್ಲ. ಆ ಚಿಪ್ಪೆಲ್ಲ ಶುದ್ಧ ಸುಣ್ಣ, ಸಿಮೆಂಟಿಗೆ ಬಹಳ ಒಳ್ಳೆಯದು. ಆಗ ಅಪ್ಪನ ಬೆಳಗಿನ ಮಾತು ತಿಳಿಯಿತು. ಸುಣ್ಣದ ಕಲ್ಲಿನಲ್ಲಿದ್ದ ಚಿಪ್ಪುಗಳು ಭಟ್ಟಿಗೆ ಹೋಗುತ್ತಿವೆ. ಮರಳುಗಲ್ಲಿನಲ್ಲಿದ್ದವು ಉಳಿದಿವೆ, ಏಕೆಂದರೆ ಆ ಕಲ್ಲು ಭಟ್ಟಿಗೆ ಬರುವುದಿಲ್ಲ.

ಇದರಲ್ಲಿ ಯಾರನ್ನು ದೂರುವುದು? ಅಪ್ಪನ ಸಂಬಳ, ನನ್ನ ಓದು, ನಮ್ಮ ಎಂಟನೇ ಮಹಡಿ ಎಲ್ಲವೂ ಸಿಮೆಂಟಿನಿಂದಲೇ ಬಂದದ್ದು. ಗಣಿ ತೋಡಿದ್ದರಿಂದಲೇ ಎಷ್ಟೋ ಪಳೆಯುಳಿಕೆಗಳು ಬೆಳಕಿಗೆ ಬಂದದ್ದೂ ಹೌದು. ಭಟ್ಟಿಗೆ ಹೋಗುವ ಮೊದಲು ಯಾರಾದರೂ ಬೆಂಚ್ ನಂಬರ್ ಬರೆದುಕೊಂಡರೆ ಸಾಕು ಎಂದು ಅಪ್ಪ ಅಂದರು. ನನಗೂ ಅದಕ್ಕಿಂತ ಒಳ್ಳೆಯ ಪರಿಹಾರ ಹೊಳೆಯಲಿಲ್ಲ.

ಹಿಂತಿರುಗುವಾಗ ಸಾತನೂರಿನ ಕಲ್ಲಾದ ಮರ ನೋಡಿದೆವು. 18 ಮೀಟರ್ ಉದ್ದದ ಇಡೀ ಕಾಂಡ ಕಲ್ಲಾಗಿ ಮಲಗಿದೆ, ಸುತ್ತ ಬೇಲಿ ಹಾಕಿ ಕಾದಿದ್ದಾರೆ. ಭೂವಿಜ್ಞಾನಿ ಎಂ.ಎಸ್. ಕೃಷ್ಣನ್ ಇದನ್ನು 1940ರಲ್ಲಿ ಲೋಕದ ಗಮನಕ್ಕೆ ತಂದರು. ನೆಲದ ಮೇಲೆ ಬೆಳೆದ ಮರ ನೀರಿನಲ್ಲಿ ಬಂದು, ಚಿಪ್ಪುಗಳ ನಡುವೆ ಕಡಲ ತಳದಲ್ಲಿ ಹೂತಿತು. ಅದರ ನೆರಳಿಲ್ಲದ ಕಾಂಡದ ಪಕ್ಕ ಅಪ್ಪ ಬಹಳ ಹೊತ್ತು ಕೂತರು.

ಅಲ್ಲಿಯೇ ಅವರು ಕೇಳಿದ್ದು: ‘ಮತ್ತ ನಮ್ಮ ಕಲ್ಲಿನ್ಯಾಗ ಯಾಕ ಏನೂ ಇರಲಿಲ್ಲ?’

ನಾನು ಮೊಬೈಲಿನಲ್ಲಿ ಒಂದು ಚಿತ್ರ ತೆರೆದು ಕೊಟ್ಟೆ. ಕಲ್ಲಿನ ಮೇಲೆ ಒಂದರ ಮೇಲೊಂದು ಕಮಾನು ಕಮಾನಾಗಿ ಏರಿದ ಗೆರೆಗಳು, ಕತ್ತರಿಸಿದ ಎಲೆಕೋಸಿನ ಹಾಗೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, ‘ಇದು ಸುಳಿಗಲ್ಲಲ್ಲ! ನಮ್ಮ ಗಣಿಯಾಗಿಂದೇನು?’ ಎಂದರು. ಅದು ಸ್ಟ್ರೊಮಟೊಲೈಟ್. ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಚಾಪೆಯಂತೆ ಹಬ್ಬಿ, ಮೇಲೆ ಬಿದ್ದ ಸುಣ್ಣದ ಹೂಳನ್ನು ಹಿಡಿದಿಟ್ಟು, ಅದರ ಮೇಲೆ ಮತ್ತೆ ಬೆಳೆದು, ಪದರ ಪದರವಾಗಿ ಕಟ್ಟಿದ ಕಲ್ಲು. ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇಂಥ ಜೀವಿಗಳೇ. ಬಾಗಲಕೋಟೆಯ ಸುಣ್ಣದ ಕಲ್ಲಿನಲ್ಲಿ ಇವು ಇವೆಯೆಂದು ಭೂವಿಜ್ಞಾನಿಗಳು ಬರೆದಿದ್ದಾರೆ. ‘ಅಪ್ಪಾ, ನೀವು ಸುಳಿ ಅಂತಿದ್ದದ್ದೇ ಜೀವ’ ಎಂದೆ.

ಅವರು ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಲೇ ಇದ್ದರು. ‘ದಿನಾ ಕ್ರಷರಿಗೆ ಹಾಕೀವಿ ಇದನ್ನ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇನ್ನೂ ಉಳದಿರಬೇಕು. ಹಳೇ ಗಣಿಯ ತೆಂಕ ಮೂಲಿಯಾಗ ಸಿಲಿಕಾ ಹೆಚ್ಚೈತಿ ಅಂತ ಒಂದು ಗ್ವಾಡಿ ಬಿಟ್ಟಿದ್ವಿ’ ಎಂದರು.

ಆ ವಾರ ಮುಖತ್ಯಾರ ಪತ್ರದ ಬಗ್ಗೆ ಅಪ್ಪನೇ ಮಾತು ತೆಗೆದರು. ಮನೆ ಮಾರುವುದು ಬೇಡ, ನಾನು ಹೋಗುತ್ತೇನೆ ಎಂದರು. ತಮ್ಮ ಫೋನಿನಲ್ಲಿ ಕೂಗಾಡಿದ. ನನಗೂ ಹೆದರಿಕೆ ಇಲ್ಲದಿಲ್ಲ. ಬಿ.ಪಿ. ಇದೆ, ಮೊಣಕಾಲು ನೋವಿದೆ, ರಾತ್ರಿ ಏನಾದರೂ ಆದರೆ ನಾನು ತಲುಪಲು ಒಂದು ದಿನ ಬೇಕು. ಆದರೂ ಚೆನ್ನೈ ಬಾಲ್ಕನಿಯಲ್ಲಿ ಕೂತ ಅಪ್ಪನನ್ನೂ, ಹಳ್ಳದ ದಂಡೆಯಲ್ಲಿ ಮೊಣಕಾಲೂರಿ ಕೂತ ಅಪ್ಪನನ್ನೂ ಎರಡನ್ನೂ ನೋಡಿದ ಮೇಲೆ ಬೇಡವೆನ್ನಲು ನನ್ನಿಂದಾಗಲಿಲ್ಲ. ಮಳೆಗಾಲ ಮುಗಿದ ಮೇಲೆ ನಾಲ್ಕು ತಿಂಗಳು ನಮ್ಮಲ್ಲಿ, ಉಳಿದಷ್ಟು ದಿನ ಅಲ್ಲಿ ಎಂದು ಒಪ್ಪಂದವಾಯಿತು. ಎದುರು ಮನೆಯವರು ದಿನಕ್ಕೆರಡು ಸಲ ಬಾಗಿಲು ತಟ್ಟಿ ವಿಚಾರಿಸುತ್ತಾರೆ.

ಚೆನ್ನೈನಲ್ಲಿರುವ ಓದುಗರು ಒಮ್ಮೆ ಮಕ್ಕಳನ್ನು ಕರೆದುಕೊಂಡು ಈ ಸೀಮೆಗೆ ಹೋಗಿ ಬನ್ನಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬಿಸಿಲು ಸಹಿಸಬಹುದು. ಅರಿಯಲೂರಿನ ಬಳಿ ವಾರಣವಾಸಿಯಲ್ಲಿ ಪಳೆಯುಳಿಕೆಗಳ ಸಂಗ್ರಹಾಲಯವಿದೆ, ಮೊದಲು ಅದನ್ನು ನೋಡಿದರೆ ಹೊಲದಲ್ಲಿ ಕಣ್ಣು ಬೇಗ ಪಳಗುತ್ತದೆ. ಹೊಲದ ಮಾಲೀಕರನ್ನು ಕೇಳಿ ಒಳಗೆ ಕಾಲಿಡಿ. ಗಣಿಯ ಅಂಚಿಗೆ ಹೋಗಬೇಡಿ. ಮೊಟ್ಟೆಯಂಥ ದುಂಡು ಕಲ್ಲು ಕಂಡರೆ ಡೈನೋಸಾರ್ ಮೊಟ್ಟೆ ಎಂದು ವಾಟ್ಸಾಪಿನಲ್ಲಿ ಹಂಚಬೇಡಿ. 2020ರಲ್ಲಿ ಕುನ್ನಂ ಎಂಬ ಊರಿನಲ್ಲಿ ಹಾಗೇ ಗುಲ್ಲೆದ್ದು, ಕೊನೆಗೆ ಅವು ಬರೀ ದುಂಡುಗಟ್ಟಿದ ಹೂಳಿನ ಗಡ್ಡೆಗಳೆಂದು ತಜ್ಞರು ಹೇಳಬೇಕಾಯಿತು. ಚೀಲ ಒಯ್ಯಬೇಡಿ, ಒಂದು ನಾಣ್ಯ ಮತ್ತು ಪೆನ್ಸಿಲ್ ಸಾಕು.

ಅಪ್ಪ ಮಾರ್ಚಿನಲ್ಲಿ ನವನಗರಕ್ಕೆ ಮರಳಿದರು. ಮೇ ತಿಂಗಳಲ್ಲಿ ಹೊಳೆ ಇಳಿದಾಗ ಹಳೆ ಮನೆಯ ತಳಪಾಯ ನೋಡಲು ಹೋಗಿದ್ದರಂತೆ. ಅಲ್ಲಿಂದಲೇ ಫೋನ್ ಮಾಡಿದರು. ‘ನಿಮ್ಮವ್ವನ ಅಡಿಗಿ ಮನಿ ಇದ್ದಲ್ಲಿ ಹೂಳಿನ್ಯಾಗ ಚಿಪ್ಪು ಅದಾವ. ಎರಡೂ ಹೋಳು ಕೂಡೇ ಅದಾವ ನೋಡವ್ವ’ ಎಂದರು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಫೋಟೋ ಕಳಿಸಿ ಎಂದೆ.

ಸಂಜೆ ಫೋಟೋ ಬಂತು. ಮಗಳು ನೋಡಿ, ಅಜ್ಜ ಪಕ್ಕದಲ್ಲಿ ನಾಣ್ಯ ಇಟ್ಟಿಲ್ಲ ಎಂದು ಅವರಿಗೆ ಫೋನ್ ಹಚ್ಚಿ ತಕರಾರು ಮಾಡಿದಳು.